ಡಿವಿಡಿ ರೈಟರ್ ಕೊಳ್ಳುವ ಮುನ್ನ: ಕಡಿಮೆ ಬೆಲೆ ಯಾವುದು, ಒಳ್ಳೆಯ ಬೆಲೆ ಯಾವುದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹತ್ತು ವರ್ಷ ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ. ಹಾಗಾಗಿ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಅನೇಕ ಮನೆಗಳಿಗೆ ಹೊಸ ಲ್ಯಾಪ್‌ಟಾಪ್ ಬರುತ್ತಿದೆ. ಹೊಸತರಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆದರೆ ಕಪಾಟಿನಲ್ಲಿ ಮದುವೆಯ ಡಿವಿಡಿ ಉಂಟು, ಉಪನಯನದ್ದು ಉಂಟು, ಇಡೀ ರಾತ್ರಿಯ ತೆಂಕುತಿಟ್ಟು ಯಕ್ಷಗಾನ ಆಟದ ನಾಲ್ಕು ಡಿಸ್ಕ್‌ಗಳ ಸೆಟ್ ಉಂಟು. ಮಂಗಳೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರೆ ಈಗಲೂ ಅನೇಕ ಕಡೆ ಕೈಗೆ ಸಿಡಿಯನ್ನೇ ಕೊಡುತ್ತಾರೆ. ಆಗ ಡಿಸ್ಕ್ ಓದುವ, ಬರೆಯುವ ಡಿವಿಡಿ ರೈಟರ್ ನೆನಪಾಗುತ್ತದೆ. ಆನ್‌ಲೈನ್‌ನಲ್ಲಿ ಹುಡುಕಿದರೆ ನೋಡಲು ಒಂದೇ ತರಹದ ಕಪ್ಪು ಪೆಟ್ಟಿಗೆಗಳು, ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. ಈ ವ್ಯತ್ಯಾಸದಲ್ಲಿ ಎಷ್ಟು ನಿಜ, ಎಷ್ಟು ಬರೀ ಲೇಬಲ್ ಎಂಬುದನ್ನು ಬುಡದಿಂದ ನೋಡೋಣ.

ಈ ಯಂತ್ರ ಮಾಡುವುದೇನು

ಡಿವಿಡಿ ಡಿಸ್ಕ್ 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪ. 0.6 ಮಿ.ಮೀ. ದಪ್ಪದ ಎರಡು ಹಾಳೆಗಳನ್ನು ಅಂಟಿಸಿ ಅದನ್ನು ಮಾಡುತ್ತಾರೆ. ಖಾಲಿ ಡಿಸ್ಕ್‌ನ ಒಳಗೆ ಬಣ್ಣದ ರಾಸಾಯನಿಕದ ತೆಳು ಪದರ ಇರುತ್ತದೆ. ಡ್ರೈವ್‌ನ ಕೆಂಪು ಲೇಸರ್ ಆ ಪದರವನ್ನು ಚುಕ್ಕಿ ಚುಕ್ಕಿಯಾಗಿ ಬಿಸಿ ಮಾಡಿದಾಗ ಅಲ್ಲಿ ಬೆಳಕು ಪ್ರತಿಫಲಿಸುವ ರೀತಿ ಬದಲಾಗುತ್ತದೆ. ‘ಬರ್ನ್ ಮಾಡುವುದು’ ಎಂದರೆ ಇದೇ. ಓದುವಾಗಲೂ ಕೆಲಸ ಮಾಡುವುದು ಅದೇ ಲೇಸರ್, ಆದರೆ ಬಹಳ ಕಡಿಮೆ ಶಕ್ತಿಯಲ್ಲಿ. ಆದ್ದರಿಂದ ಮುಪ್ಪಾದ ಡ್ರೈವ್ ಒಂದೆರಡು ವರ್ಷ ಓದುತ್ತಲೇ ಇದ್ದು ಬರೆಯಲು ಮಾತ್ರ ಸೋಲುವುದು ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಡ್ರೈವ್ ನೋಡುವಾಗ ಇದು ನೆನಪಿರಲಿ: ‘ಸಿನಿಮಾ ಓಡುತ್ತದೆ’ ಎಂದು ತೋರಿಸಿದ ಮಾತ್ರಕ್ಕೆ ಅದು ಬರೆಯುತ್ತದೆ ಎಂದು ಸಾಬೀತಾಗುವುದಿಲ್ಲ.

ಇನ್ನೊಂದು ಸಂಗತಿ. ಸಿಡಿಗೆ 780 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಬೇಕು, ಡಿವಿಡಿಗೆ 650. ಒಂದೇ ಕಣ್ಣಿನ (ಲೆನ್ಸ್) ಹಿಂದೆ ಎರಡು ಬೇರೆ ಬೇರೆ ಲೇಸರ್ ಇರುತ್ತವೆ. ಒಂದು ಸತ್ತರೂ ಮತ್ತೊಂದು ಬದುಕಿರಬಹುದು. ಡಿವಿಡಿ ಓದುವ ಡ್ರೈವ್ ಆಸ್ಪತ್ರೆಯ ಸಿಡಿಯನ್ನು ನುಂಗಿ ಸುಮ್ಮನೆ ಕೂತರೆ ಕಾರಣ ಇದಾಗಿರಬಹುದು.

ನಿಮಗೆ ಬೇಕಾದದ್ದು ಓದುವುದೋ ಬರೆಯುವುದೋ

ಹಳೆಯ ಡಿಸ್ಕ್‌ನಲ್ಲಿರುವುದನ್ನು ಹಾರ್ಡ್ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ಇಳಿಸಿಕೊಳ್ಳಬೇಕು, ಅಷ್ಟೇ ಎಂದಾದರೆ ನಿಮಗೆ ಓದುವ ಯಂತ್ರ ಸಾಕು. ಬರೆಯುವ ವೇಗ, ಡಬಲ್ ಲೇಯರ್ (ಎರಡು ಪದರದ ಡಿಸ್ಕ್) ಬೆಂಬಲ ಎಂದು ಹೆಚ್ಚು ಹಣ ಕೊಡುವ ಅಗತ್ಯ ಇಲ್ಲ. ಸ್ಕ್ಯಾನಿಂಗ್ ಸಿಡಿಯೂ ಹೀಗೆಯೇ. ಚಿತ್ರ ತೋರಿಸುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಆ ಸಿಡಿಯಲ್ಲೇ ಇರುತ್ತದೆ. ಈಗ ಕೆಲವು ಆಸ್ಪತ್ರೆಗಳು ಮೊಬೈಲಿಗೆ ಲಿಂಕ್ ಕೂಡ ಕಳಿಸುವುದುಂಟು, ಕೇಳಿ ನೋಡಿ.

ಇರುವುದು ನಾಲ್ಕೈದು ಡಿಸ್ಕ್ ಮಾತ್ರವಾದರೆ ಯಂತ್ರ ಕೊಳ್ಳುವುದೇ ಬೇಡ. ಪೇಟೆಯ ಸ್ಟುಡಿಯೋದಲ್ಲೋ ಕಂಪ್ಯೂಟರ್ ಸೆಂಟರಿನಲ್ಲೋ ಪೆನ್ ಡ್ರೈವ್‌ಗೆ ಹಾಕಿಸಿಕೊಂಡರೆ ಕಡಿಮೆಯಲ್ಲಿ ಮುಗಿಯುತ್ತದೆ. ನಲವತ್ತು ಐವತ್ತು ಡಿಸ್ಕ್ ಇದ್ದವರಿಗೆ, ಕಾರ್ಯಕ್ರಮದ ವಿಡಿಯೋ ಡಿಸ್ಕ್‌ನಲ್ಲೇ ಕೊಡಬೇಕಾದ ಸ್ಟುಡಿಯೋದವರಿಗೆ, ದಾಖಲೆಗಳನ್ನು ತಿದ್ದಲಾಗದ ರೂಪದಲ್ಲಿ ಇಡಬೇಕಾದ ಸಂಘ ಸಂಸ್ಥೆಗಳಿಗೆ ಸ್ವಂತ ರೈಟರ್ ಇದ್ದರೆ ಲಾಭ.

ಇಲ್ಲಿಯೇ ದೊಡ್ಡ ಮೋಸ ಹೋಗುವ ಜಾಗ ಇರುವುದು. ‘ಕಾಂಬೋ ಡ್ರೈವ್’ ಎಂದು ಮಾರುವುದು ಸಿಡಿಯನ್ನು ಬರೆಯುತ್ತದೆ, ಡಿವಿಡಿಯನ್ನು ಓದುತ್ತದೆ ಮಾತ್ರ, ಡಿವಿಡಿ ಬರೆಯುವುದಿಲ್ಲ. ‘ಡಿವಿಡಿ ರೋಮ್’ ಎಂದಿದ್ದರೆ ಬರೀ ಓದುವುದು. ‘ಡಿವಿಡಿ ರೈಟರ್’, ‘ಡಿವಿಡಿ ಆರ್‌ಡಬ್ಲ್ಯು’ ಅಥವಾ ‘ಸೂಪರ್ ಮಲ್ಟಿ’ ಎಂದಿದ್ದರೆ ಎರಡೂ ಬರುತ್ತದೆ. ‘ಸಿಡಿ ಬರ್ನರ್, ಡಿವಿಡಿ ಪ್ಲೇಯರ್’ ಎಂದು ಜಾಣತನದಿಂದ ಬರೆದ ಜಾಹೀರಾತು ಕಂಡರೆ ಅದು ಕಾಂಬೋ ಎಂದೇ ತಿಳಿಯಿರಿ. ಅತಿ ಕಡಿಮೆ ಬೆಲೆಯ ರಹಸ್ಯ ಅನೇಕ ಸಲ ಇಷ್ಟೇ.

ಡಿಸ್ಕ್‌ಗಳಲ್ಲಿ ಮೈನಸ್ ಆರ್, ಪ್ಲಸ್ ಆರ್ ಎಂಬ ಎರಡು ಜಾತಿಗಳು ಉಂಟು. ಎರಡು ಕಂಪನಿ ಗುಂಪುಗಳ ಪೈಪೋಟಿಯಿಂದ ಹುಟ್ಟಿದ ಭೇದ ಅದು. ಇಂದಿನ ಎಲ್ಲ ರೈಟರ್‌ಗಳೂ ಎರಡನ್ನೂ ಬರೆಯುತ್ತವೆ, ಆದ್ದರಿಂದ ಡ್ರೈವ್ ಕೊಳ್ಳುವಾಗ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಹಳೆಯ ಕಂಪ್ಯೂಟರನ್ನು ನೋಡಿ

ಅತಿ ಅಗ್ಗದ ಒಳ್ಳೆಯ ರೈಟರ್ ನಿಮ್ಮ ಮನೆಯಲ್ಲೇ ಇರಬಹುದು. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್‌ನ ಡ್ರೈವ್ ಚೆನ್ನಾಗಿದ್ದರೆ ಅದನ್ನು ಹೊರತೆಗೆದು ಯುಎಸ್‌ಬಿ ಕೇಸ್ ಒಂದರೊಳಗೆ ಕೂರಿಸಿದರೆ ಹೊಸ ಲ್ಯಾಪ್‌ಟಾಪ್‌ಗೆ ಬೇಕಾದ ಹೊರಗಿನ ರೈಟರ್ ತಯಾರು. ಕೇಸ್‌ನ ಬೆಲೆ ಹೊಸ ಡ್ರೈವ್‌ನದಕ್ಕಿಂತ ಬಹಳ ಕಡಿಮೆ. ಆದರೆ ಕೇಸ್ ತರಿಸುವ ಮುನ್ನ ಡ್ರೈವ್ ಕೈಯಲ್ಲಿ ಇರಬೇಕು, ಅಳತೆ ಗೊತ್ತಿರಬೇಕು.

ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಕಳಚಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆಯಿರಿ. ಅಡಿಯಲ್ಲಿ ಡ್ರೈವ್‌ನ ಹತ್ತಿರ ಹೆಚ್ಚಿನ ಮಾದರಿಗಳಲ್ಲಿ ಒಂದೇ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ ಡ್ರೈವನ್ನು ಪಕ್ಕಕ್ಕೆ ಎಳೆದರೆ ಜಾರಿ ಹೊರಗೆ ಬರುತ್ತದೆ. ಬಾರದಿದ್ದರೆ ಬಲ ಹಾಕಬೇಡಿ; ಇನ್ನೊಂದು ಸ್ಕ್ರೂ ಕೀಬೋರ್ಡ್ ಕೆಳಗೆ ಅಡಗಿರಬಹುದು. ಈಗ ದಪ್ಪ ಅಳೆಯಿರಿ. ಲ್ಯಾಪ್‌ಟಾಪ್ ಡ್ರೈವ್‌ಗಳು ಮುಖ್ಯವಾಗಿ ಎರಡು ದಪ್ಪದವು: 12.7 ಮಿ.ಮೀ. ಮತ್ತು 9.5 ಮಿ.ಮೀ. ಒಂದರ ಕೇಸ್ ಇನ್ನೊಂದಕ್ಕೆ ಸರಿಹೋಗುವುದಿಲ್ಲ. ಹಿಂಬದಿಯ ಕನೆಕ್ಟರ್ ಕೂಡ ನೋಡಿ. ಚಪ್ಪಟೆಯಾಗಿ, ನಡುವೆ ಕಚ್ಚು ಇದ್ದು, ಒಂದು ಭಾಗದಲ್ಲಿ 7, ಇನ್ನೊಂದರಲ್ಲಿ 6 ಪಿನ್ ಇದ್ದರೆ ಅದು ಸ್ಲಿಮ್‌ಲೈನ್ ಸಾಟಾ. ಈಗಿನ ಕೇಸ್‌ಗಳು ಇದಕ್ಕೇ ಆಗುವಂಥವು. ಸಣ್ಣ ಸಣ್ಣ 50 ಪಿನ್‌ಗಳ ಉದ್ದನೆಯ ಕನೆಕ್ಟರ್ ಇದ್ದರೆ ಅದು ಹಳೆಯ ಐಡಿಇ. ಅದರ ಮೇಲೆ ಹಣ ಹಾಕಬೇಡಿ.

ತರಿಸುವಾಗ ಹೆಸರಿನಲ್ಲಿ ಎಚ್ಚರ ಬೇಕು. ‘ಆಪ್ಟಿಕಲ್ ಬೇ ಕ್ಯಾಡಿ’ ಎಂದು ಮಾರುವುದು ಇದಕ್ಕೆ ನೇರ ಉಲ್ಟಾ ವಸ್ತು: ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಹಾರ್ಡ್ ಡಿಸ್ಕ್ ಕೂರಿಸುವ ಚೌಕಟ್ಟು ಅದು. ನಿಮಗೆ ಬೇಕಾದದ್ದು ‘ಡಿವಿಡಿ ಡ್ರೈವ್ ಎನ್‌ಕ್ಲೋಷರ್’. ಎರಡನ್ನೂ ಒಂದೇ ಪುಟದಲ್ಲಿ ತೋರಿಸುವ ಕಾರಣ ತಪ್ಪು ವಸ್ತು ತರಿಸಿಕೊಳ್ಳುವವರು ತುಂಬಾ ಜನ.

ಡೆಸ್ಕ್‌ಟಾಪ್‌ನಿಂದ ತೆಗೆದ ದೊಡ್ಡ ಡ್ರೈವ್‌ನ ಲೆಕ್ಕ ಬೇರೆ. ಅದರ ಲೇಬಲ್ ಓದಿದರೆ 5 ವೋಲ್ಟ್ ಮತ್ತು 12 ವೋಲ್ಟ್ ಎಂದು ಎರಡೂ ಬರೆದಿರುತ್ತದೆ. ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್ ಮಾತ್ರ. ಎಸ್‌ಎಸ್‌ಡಿಗೆಂದು ಮಾರುವ ಅಗ್ಗದ ಸಾಟಾ ಕೇಬಲ್ ಸಿಕ್ಕಿಸಿದರೆ ಡ್ರೈವ್‌ನ ಮೋಟಾರ್ ತಿರುಗುವುದೇ ಇಲ್ಲ. 12 ವೋಲ್ಟ್ ಅಡಾಪ್ಟರ್ ಜೊತೆಗೆ ಬರುವ ಸಾಟಾ–ಯುಎಸ್‌ಬಿ ಕೇಬಲ್ ಬೇಕು. ಅಡಾಪ್ಟರ್‌ನ ಹಿಂಬದಿಯಲ್ಲಿ 2 ಆಂಪಿಯರ್ ಎಂದು ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ. ಅದು ಹಳೆಯ ಹಾರ್ಡ್ ಡಿಸ್ಕ್ ಓದಲೂ ಆಗುವುದರಿಂದ ಖರ್ಚು ವ್ಯರ್ಥವಾಗುವುದಿಲ್ಲ.

ನಮ್ಮ ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಡ್ರೈವ್ ಸತ್ತಂತೆ ಕಂಡರೂ ಸತ್ತಿರಲಿಕ್ಕಿಲ್ಲ. ಟ್ರೇ ಹೊರಗೆ ಬಾರದಿದ್ದರೆ ಮುಂಭಾಗದಲ್ಲಿ ಸಣ್ಣ ತೂತು ಇರುತ್ತದೆ. ವಿದ್ಯುತ್ ಇಲ್ಲದಾಗ ನೇರ ಮಾಡಿದ ಪೇಪರ್ ಕ್ಲಿಪ್ ಅದರೊಳಗೆ ಒತ್ತಿದರೆ ತೆರೆಯುತ್ತದೆ. ದೊಡ್ಡ ಡ್ರೈವ್‌ಗಳಲ್ಲಿ ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಸಡಿಲವಾಗುವುದು ಮಾಮೂಲು. ರಿಪೇರಿ ಅಂಗಡಿಯವರು ಬದಲಿಸಿ ಕೊಡುತ್ತಾರೆ. ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ಟ್ರೇ ತೆರೆದರೆ ಕಣ್ಣು ನೇರ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ, ಒತ್ತದೆ, ಒಂದೆರಡು ಸುತ್ತು ಒರಸಿ. ಒಣಗಲು ಹತ್ತು ನಿಮಿಷ ಬಿಡಿ. ಕಣ್ಣನ್ನು ಹಿಡಿದಿರುವ ತಂತಿಗಳು ಕೂದಲಿನಷ್ಟು ತೆಳು, ಒತ್ತಿದರೆ ಮುಗಿಯಿತು. ಒರಸಿದ ಮೇಲೂ ಓದದಿದ್ದರೆ ಲೇಸರ್‌ನ ಆಯುಸ್ಸು ತೀರಿದೆ. ಅದನ್ನು ಬದಲಿಸುವ ಖರ್ಚಿನಲ್ಲಿ ಹೊಸ ಡ್ರೈವೇ ಬರುತ್ತದೆ.

ಹೊಸತೇ ಬೇಕಾದರೆ: ಒಳಗಿನದು, ಹೊರಗಿನದು

ಡೆಸ್ಕ್‌ಟಾಪ್ ಇದ್ದವರಿಗೆ ಒಳಗೆ ಕೂರಿಸುವ ಸಾಟಾ ರೈಟರ್ ಸಾಮಾನ್ಯವಾಗಿ ಹೊರಗಿನದಕ್ಕಿಂತ ಅಗ್ಗ, ವೇಗವೂ ಹೆಚ್ಚು. ಕೊಳ್ಳುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ಕ್ಯಾಬಿನೆಟ್‌ನಲ್ಲಿ ಐದೂಕಾಲು ಇಂಚಿನ ಡ್ರೈವ್ ಕೂರುವ ಕಿಂಡಿ ಇದೆಯೇ? ಗಾಜಿನ ಬಾಗಿಲಿನ ಹೊಸ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್ ಖಾಲಿ ಇದೆಯೇ? ಕೆಲವು ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟ್ ತಾನಾಗಿ ನಿಂತುಹೋಗುತ್ತದೆ. ಕಣ್ಣಿಗೆ ಖಾಲಿ ಕಂಡರೂ ಕೆಲಸ ಮಾಡುವುದಿಲ್ಲ. ಪವರ್ ಸಪ್ಲೈಯಿಂದ 15 ಪಿನ್‌ನ ಒಂದು ಸಾಟಾ ತಲೆ ಉಳಿದಿದೆಯೇ? ಜೊತೆಗೆ, ಪೆಟ್ಟಿಗೆ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಮಾರುವ ‘ಬಲ್ಕ್’ ಡ್ರೈವ್ ಜೊತೆ ಡೇಟಾ ಕೇಬಲ್, ಸ್ಕ್ರೂ ಬರುವುದಿಲ್ಲ. ಆ ಬೆಲೆಗೆ ಕೇಬಲ್‌ನ ಹಣ ಸೇರಿಸಿಯೇ ಹೋಲಿಸಬೇಕು.

ಲ್ಯಾಪ್‌ಟಾಪ್‌ನವರಿಗೆ ಹೊರಗಿನ ಸ್ಲಿಮ್ ಡ್ರೈವ್. ಹೊಸ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಸಿ ಕಿಂಡಿ ಮಾತ್ರ ಇದ್ದರೆ ಎರಡೂ ಬಗೆಯ ತಲೆ ಇರುವ ಕೇಬಲ್ ಬರುತ್ತದೆಯೇ ಎಂದು ಕೇಳಿ. ಟ್ರೇ ಇಲ್ಲದೆ ಡಿಸ್ಕನ್ನು ನೇರ ಒಳಗೆ ಎಳೆದುಕೊಳ್ಳುವ ‘ಸ್ಲಾಟ್’ ಮಾದರಿ ನೋಡಲು ಚೆಂದ. ಆದರೆ ಹಳೆಯ ಹ್ಯಾಂಡಿಕ್ಯಾಮ್‌ಗಳು ಬಳಸುತ್ತಿದ್ದ 8 ಸೆಂ.ಮೀ. ಅಗಲದ ಪುಟ್ಟ ಡಿಸ್ಕನ್ನು ಅದಕ್ಕೆ ಹಾಕಬಾರದು, ಒಳಗೇ ಸಿಕ್ಕಿಕೊಳ್ಳುತ್ತದೆ. ಮನೆ ಬಳಕೆಗೆ ಟ್ರೇ ಇರುವುದೇ ಸೂಕ್ತ.

ಪೆಟ್ಟಿಗೆಯ ಮೇಲಿನ ಅಂಕೆಗಳು

ಡಿವಿಡಿಯಲ್ಲಿ 1 ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. 4.7 ಗಿಗಾಬೈಟ್‌ನ ಡಿಸ್ಕ್ ಪೂರ್ತಿ ತುಂಬಲು ಆ ವೇಗದಲ್ಲಿ 57 ನಿಮಿಷ ಬೇಕು. ಸ್ಲಿಮ್ ಡ್ರೈವ್‌ಗಳ ಗರಿಷ್ಠ ವೇಗ ಸಾಮಾನ್ಯವಾಗಿ 8 ಎಕ್ಸ್. ಒಂದು ಡಿಸ್ಕ್‌ಗೆ ಸುಮಾರು 8ರಿಂದ 10 ನಿಮಿಷ. ಡೆಸ್ಕ್‌ಟಾಪ್ ಡ್ರೈವ್‌ಗಳ ಮೇಲೆ 24 ಎಕ್ಸ್ ಎಂದು ಬರೆದಿರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಖಾಲಿ ಡಿವಿಡಿಗಳು 16 ಎಕ್ಸ್‌ಗೆ ಮಾಡಿದವು. ಜೊತೆಗೆ ಆ ಗರಿಷ್ಠ ವೇಗ ಬರುವುದು ಡಿಸ್ಕ್‌ನ ಹೊರ ಅಂಚಿನಲ್ಲಿ ಮಾತ್ರ. ಒಳಭಾಗದಲ್ಲಿ ಅದರ ಅರ್ಧಕ್ಕೂ ಕಡಿಮೆ. 18 ಎಕ್ಸ್‌ನ ಬದಲು 24 ಎಕ್ಸ್ ಎಂದು ಹೆಚ್ಚು ಕೊಟ್ಟರೆ ಉಳಿಯುವುದು ಒಂದು ನಿಮಿಷವೂ ಅಲ್ಲ. ಮುಖ್ಯವಾದ ಡಿಸ್ಕನ್ನು ಹೇಗೂ 4 ಅಥವಾ 8 ಎಕ್ಸ್‌ನಲ್ಲಿ ಬರೆಯುವುದೇ ಕ್ಷೇಮ.

ಹೊರಗಿನ ಡ್ರೈವ್‌ನಲ್ಲಿ ‘ಯುಎಸ್‌ಬಿ 3.0’ ಎಂಬುದು ಬೆಲೆ ಏರಿಸುವ ಇನ್ನೊಂದು ಸಂಗತಿ. ಲೆಕ್ಕ ಹಾಕಿ: 8 ಎಕ್ಸ್ ಎಂದರೆ ಸೆಕೆಂಡಿಗೆ 11 ಮೆಗಾಬೈಟ್. ಹಳೆಯ ಯುಎಸ್‌ಬಿ 2.0 ನಿಜ ಬಳಕೆಯಲ್ಲಿ 30ರಷ್ಟು ಸಾಗಿಸುತ್ತದೆ. ಅಡಿಕೆ ತೋಟದಲ್ಲಿ ಸಣ್ಣ ಪಂಪಿಗೆ ನಾಲ್ಕಿಂಚಿನ ಪೈಪ್ ಹಾಕಿದ ಹಾಗೆ ಇದು. ಪಂಪ್ ಎತ್ತಿದಷ್ಟೇ ನೀರು ಬರುವುದು. ಹಾಗಾಗಿ ಡಿವಿಡಿ ಮಟ್ಟಿಗೆ ಯುಎಸ್‌ಬಿ 2.0 ಡ್ರೈವ್ ಕಡಿಮೆಗೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ.

4.7 ಗಿಗಾಬೈಟ್ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 4.38 ಎಂದು ಕಾಣುತ್ತದೆ. ಡಿಸ್ಕ್ ಮಾಡುವವರು ಸಾವಿರದಿಂದ ಗುಣಿಸುತ್ತಾರೆ, ವಿಂಡೋಸ್ 1024ರಿಂದ. ಡಿಸ್ಕ್ ನಕಲಿ ಎಂದು ಗಾಬರಿ ಬೇಡ. ಡಬಲ್ ಲೇಯರ್ ಡಿಸ್ಕ್‌ನಲ್ಲಿ 8.5 ಹಿಡಿಸುತ್ತದೆ, ಆದರೆ ಆ ಖಾಲಿ ಡಿಸ್ಕ್‌ಗಳು ದುಬಾರಿ ಮತ್ತು ಬರೆಯುವಾಗ ಕೆಡುವ ಸಾಧ್ಯತೆ ಹೆಚ್ಚು. ಎರಡು ಸಾದಾ ಡಿಸ್ಕ್‌ಗೆ ಹಂಚುವುದು ಅಗ್ಗ.

ಡ್ರೈವ್ ಕೆಟ್ಟಿಲ್ಲ, ವಿದ್ಯುತ್ ಸಾಲುತ್ತಿಲ್ಲ

ಹೊರಗಿನ ಡ್ರೈವ್‌ಗಳನ್ನು ‘ಕೆಟ್ಟಿದೆ’ ಎಂದು ವಾಪಸು ಕಳಿಸುವ ಪ್ರಕರಣಗಳಲ್ಲಿ ಒಂದಷ್ಟು ನಿಜವಾಗಿ ವಿದ್ಯುತ್ ಕೊರತೆಯವು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಡಿಸ್ಕ್ ತಿರುಗಲು ಶುರುವಾಗುವಾಗ ಮತ್ತು ಬರೆಯುವಾಗ ಡ್ರೈವ್ ಇದಕ್ಕಿಂತ ಹೆಚ್ಚು ಎಳೆಯಬಹುದು. ಅಡಿಯ ಲೇಬಲ್‌ನಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಸಾಲದಿದ್ದಾಗ ಲಕ್ಷಣಗಳು ಹೀಗೆ: ಟಕ್ ಟಕ್ ಸದ್ದು, ಡಿಸ್ಕ್ ತಿರುಗಿ ನಿಲ್ಲುವುದು, ಡ್ರೈವ್ ಕಂಪ್ಯೂಟರಿನಲ್ಲಿ ಕಂಡು ಮಾಯವಾಗುವುದು, ಓದುವುದು ಸರಿ ಇದ್ದು ಬರೆಯುವಾಗ ಅರ್ಧದಲ್ಲಿ ನಿಲ್ಲುವುದು.

ಪರಿಹಾರ ಸುಲಭ. ನಡುವೆ ಹಬ್ ಇಲ್ಲದೆ ಕಂಪ್ಯೂಟರಿಗೆ ನೇರ ಸಿಕ್ಕಿಸಿ, ಡೆಸ್ಕ್‌ಟಾಪ್ ಆದರೆ ಹಿಂಭಾಗದ ಪೋರ್ಟ್‌ಗೆ. ಜೊತೆಗೆ ಕೊಟ್ಟ ಗಿಡ್ಡ ಕೇಬಲ್ ಬಿಟ್ಟು ಉದ್ದದ್ದು ಬಳಸಬೇಡಿ. ಎರಡು ಯುಎಸ್‌ಬಿ ತಲೆ ಇರುವ ವೈ ಕೇಬಲ್ ಬಂದಿದ್ದರೆ ಎರಡನ್ನೂ ಸಿಕ್ಕಿಸಿ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಇರಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಬರೆಯಲು ಕೂರುವುದು ಎಂದರೆ ಡಿಸ್ಕ್ ಪೋಲು. ಅರ್ಧ ಬರೆದ ಸಾದಾ ಡಿವಿಡಿಯನ್ನು ಮತ್ತೆ ಬಳಸಲು ಬರುವುದಿಲ್ಲ.

ಬೆಲೆ ಹೋಲಿಸುವುದು ಹೇಗೆ

ಕೇರಳ–ಕರ್ನಾಟಕ ಗಡಿಯವರಿಗೆ ಎರಡು ಪೇಟೆಗಳು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ. ‘ತಲಪಾಡಿ ಗಡಿ ದಾಟಿದರೆ ತೆರಿಗೆ ಕಡಿಮೆ’ ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದಕ್ಕೊಂದು ಕಾರಣ ಇತ್ತು: 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ಕೇರಳದಲ್ಲಿ ಜಿಎಸ್‌ಟಿಯ ಮೇಲೆ ಶೇ. 1 ಪ್ರವಾಹ ಸೆಸ್ ಇತ್ತು. ಅದು ಮುಗಿದು ವರ್ಷಗಳಾದವು. ಈಗ ಡಿವಿಡಿ ರೈಟರ್‌ಗೆ ಎರಡೂ ಕಡೆ ಶೇ. 18. ಕಾಸರಗೋಡಿನ ಅಂಗಡಿಯ ಬಿಲ್ಲಿನಲ್ಲಿ 9 ಕೇಂದ್ರದ್ದು 9 ಕೇರಳದ್ದು, ಮಂಗಳೂರಿನದರಲ್ಲಿ 9 ಕೇಂದ್ರದ್ದು 9 ಕರ್ನಾಟಕದ್ದು, ದೂರದ ಆನ್‌ಲೈನ್ ಮಾರಾಟಗಾರನದರಲ್ಲಿ ಒಟ್ಟಿಗೆ 18. ಮಂಗಳೂರಿನಲ್ಲಿ ಅಂಗಡಿ ಹೆಚ್ಚು, ಮಾದರಿ ಹೆಚ್ಚು, ಪೈಪೋಟಿ ಹೆಚ್ಚು. ಬೆಲೆ ಇಳಿದರೆ ಅದರಿಂದ ಇಳಿಯಬೇಕು. ಇನ್ನೂರು ರೂಪಾಯಿ ಉಳಿಸಲು ಬಸ್ಸಿನ ಹಣವನ್ನೂ ಅರ್ಧ ದಿನವನ್ನೂ ಕೊಡುವುದು ಲಾಭವಲ್ಲ. ಬೇರೆ ಕೆಲಸಕ್ಕೆ ಹೋಗುವಾಗ ವಿಚಾರಿಸಿ ಬನ್ನಿ. ಹೋಗುವ ಮುನ್ನ ಫೋನ್ ಮಾಡಿ, ಏಕೆಂದರೆ ಈಗ ಅನೇಕ ಅಂಗಡಿಗಳು ರೈಟರನ್ನು ದಾಸ್ತಾನು ಇಡುವುದಿಲ್ಲ, ಕೇಳಿದ ಮೇಲೆ ತರಿಸುತ್ತವೆ.

ಆನ್‌ಲೈನ್‌ನಲ್ಲಿ ಗೆರೆ ಎಳೆದು ತೋರಿಸುವ ದೊಡ್ಡ ಬೆಲೆಯನ್ನು ಮರೆತುಬಿಡಿ. ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ. ಆ ವಸ್ತು ನಿಜಕ್ಕೂ ಆ ಬೆಲೆಗೆ ಮಾರಾಟವಾಗುತ್ತಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ‘ಶೇ. 60 ರಿಯಾಯಿತಿ’ ಬರುವುದು ಎಂಆರ್‌ಪಿಯನ್ನು ದೊಡ್ಡದಾಗಿ ಮುದ್ರಿಸಿದ್ದರಿಂದಲೂ ಆಗಬಹುದು. ಹೋಲಿಸಬೇಕಾದದ್ದು ಒಂದೇ ಮಾದರಿ ಸಂಖ್ಯೆಯ ಡ್ರೈವ್‌ಗೆ ಮೂರು ಕಡೆ ಕೈಯಿಂದ ಹೋಗುವ ಒಟ್ಟು ಹಣ. ಉದಾಹರಣೆಗೆ, 1,500ರ ಡ್ರೈವ್‌ಗೆ 120 ಸಾಗಣೆ, 80ರ ಟೈಪ್ ಸಿ ಅಡಾಪ್ಟರ್, ಒಂದು ವಾರದ ವಾಪಸಾತಿ ಬಿಟ್ಟರೆ ಬೇರೆ ವಾರಂಟಿ ಇಲ್ಲ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ 1,850ಕ್ಕೆ ಸಾಗಣೆ ಉಚಿತ, ಅಡಾಪ್ಟರ್ ಒಳಗೇ ಇದೆ, ಕಂಪನಿಯ 1 ವರ್ಷದ ವಾರಂಟಿ ಇದೆ. ನಿಜವಾದ ವ್ಯತ್ಯಾಸ 150 ಮಾತ್ರ. ವಾರಂಟಿಯನ್ನೂ ಲೆಕ್ಕಕ್ಕೆ ಹಿಡಿದರೆ ಎರಡನೆಯದೇ ಲಾಭ.

ಆರ್ಡರ್ ಹಾಕುವ ಮುನ್ನ 671ರಿಂದ ಶುರುವಾಗುವ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ಕೆಲವು ಮಾರಾಟಗಾರರ ವಸ್ತು ಒಳನಾಡಿನ ಅಂಚೆ ವ್ಯಾಪ್ತಿಗೆ ಬರುವುದಿಲ್ಲ, ಬಂದರೂ ವಾಪಸು ಒಯ್ಯಲು ಬರುವವರು ಇರುವುದಿಲ್ಲ. ವಾಪಸಾತಿ ಮನೆಯಿಂದಲೋ, ನೀವೇ ಕಳಿಸಬೇಕೋ ಎಂಬುದು ಮುಖ್ಯ. ವಾರಂಟಿ ಕಂಪನಿಯದ್ದೋ ಮಾರಾಟಗಾರನದ್ದೋ, ಹತ್ತಿರದ ಸರ್ವೀಸ್ ಸೆಂಟರ್ ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಆಮದಾದ ಪೆಟ್ಟಿಗೆಯ ಮೇಲೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಆಮದುದಾರರ ಹೆಸರು ವಿಳಾಸ, ತಿಂಗಳು ವರ್ಷ, ದೂರಿಗೆ ಕರೆಮಾಡುವ ಸಂಖ್ಯೆ ಇರಬೇಕೆಂದು ಕಾನೂನು ಹೇಳುತ್ತದೆ. ಆ ಚೀಟಿ ಇಲ್ಲದ ಪೆಟ್ಟಿಗೆಗೆ ಇಲ್ಲಿ ಕಂಪನಿಯ ವಾರಂಟಿ ಸಿಗುವ ಭರವಸೆ ಇಡಬೇಡಿ.

ಹೆಸರಿಲ್ಲದ ಪೆಟ್ಟಿಗೆಯ ಒಳಗೆ ಯಾರು

ಗೊತ್ತಿಲ್ಲದ ಹೆಸರಿನ ಅತಿ ಅಗ್ಗದ ಹೊರ ಡ್ರೈವ್‌ಗಳಲ್ಲಿ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಿಂದ ಕಿತ್ತ ಡ್ರೈವ್‌ಗಳಿಗೆ ಹೊಸ ಪ್ಲಾಸ್ಟಿಕ್ ಹೊದಿಸಿದವು. ಇದನ್ನು ತಿಳಿಯುವ ದಾರಿ ಉಂಟು. ಸಿಕ್ಕಿಸಿದ ಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ‘ಡಿವಿಡಿ/ಸಿಡಿ-ರೋಮ್ ಡ್ರೈವ್ಸ್’ ಎಂಬಲ್ಲಿ ಒತ್ತಿ. ಒಳಗಿನ ಯಂತ್ರ ತನ್ನ ನಿಜ ಹೆಸರು ಹೇಳುತ್ತದೆ. ‘ಎಚ್ಎಲ್-ಡಿಟಿ-ಎಸ್‌ಟಿ’ ಎಂದರೆ ಹಿಟಾಚಿ-ಎಲ್‌ಜಿ. ‘ಟಿಎಸ್‌ಎಸ್‌ಟಿಕಾರ್ಪ್’ ಎಂದರೆ ತೋಶಿಬಾ-ಸ್ಯಾಮ್ಸಂಗ್. ‘ಪಿಎಲ್‌ಡಿಎಸ್’ ಎಂದರೆ ಫಿಲಿಪ್ಸ್-ಲೈಟ್‌ಆನ್. ‘ಮ್ಯಾಟ್‌ಶಿಟಾ’ ಎಂದರೆ ಪ್ಯಾನಸೋನಿಕ್. ಅಲ್ಲಿ ಬಂದ ಮಾದರಿ ಸಂಖ್ಯೆಯನ್ನು ಹುಡುಕಿದರೆ ಅದು ಯಾವ ಕಾಲದ್ದು, ಡಿವಿಡಿ ಬರೆಯುತ್ತದೋ ಇಲ್ಲವೋ ತಿಳಿಯುತ್ತದೆ. ಹೊಸತು ಎಂದು ಮಾರಿದ್ದು ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪ್ ಡ್ರೈವ್ ಆಗಿದ್ದರೆ ವಾಪಸು ಮಾಡಲು ಅದೇ ಕಾರಣ ಸಾಕು. ಪರದೆಯ ಚಿತ್ರ ತೆಗೆದಿಡಿ.

ಖಾಲಿ ಡಿಸ್ಕ್‌ಗಳಲ್ಲಿಯೂ ಇದೇ ಎಚ್ಚರ. ಒಂದು ಕಾಲದಲ್ಲಿ ನಮ್ಮ ದೇಶದ್ದೇ ಆದ ಮೋಸರ್ ಬೇರ್ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿತ್ತು. 2018ರಲ್ಲಿ ಅದು ದಿವಾಳಿಯಾಗಿ ಮುಚ್ಚುವ ಆದೇಶ ಬಂತು. ಈಗ ಎಲ್ಲೋ ಆ ಹೆಸರಿನ ಡಿಸ್ಕ್ ಸಿಕ್ಕರೆ ಹಳೆಯ ದಾಸ್ತಾನು ಇರಬಹುದು, ತೇವ ತಾಗಿರಬಹುದು. 50ರ ಕಟ್ಟು ಕೊಳ್ಳುವ ಮೊದಲು ಐದು ಬಿಡಿ ಡಿಸ್ಕ್ ತಂದು ಬರೆದು ನೋಡಿ.

ಕೈಗೆ ಬಂದ ದಿನವೇ ಪರೀಕ್ಷೆ

ವಾಪಸಾತಿಯ ದಿನಗಳು ಕಡಿಮೆ. ಪೆಟ್ಟಿಗೆ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ, ಸೀಲ್ ಮತ್ತು ಸೀರಿಯಲ್ ಸಂಖ್ಯೆ ಕಾಣುವ ಹಾಗೆ. ಡಿಸ್ಕ್ ಹಾಕುವಾಗ ಸ್ಲಿಮ್ ಡ್ರೈವ್‌ನ ನಡುವಿನ ಗುಬ್ಬಿಗೆ ಟಿಕ್ ಎನ್ನುವವರೆಗೆ ಒತ್ತಬೇಕು. ಇಲ್ಲವಾದರೆ ಒಳಗೆ ಡಿಸ್ಕ್ ಉಜ್ಜುತ್ತದೆ.

ಮೊದಲು ಒಂದು ಸಿಡಿ ಓದಿಸಿ, ಬಳಿಕ ಒಂದು ಡಿವಿಡಿ. ಎರಡು ಲೇಸರ್ ಇವೆಯಲ್ಲ, ಎರಡನ್ನೂ ನೋಡಬೇಕು. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ವಿಂಡೋಸ್ ಜೊತೆ ಬರುವುದಿಲ್ಲ. ಚಿತ್ರ ಬಾರದಿದ್ದರೆ ಡ್ರೈವನ್ನು ದೂರಬೇಡಿ, ಉಚಿತವಾದ ವಿಎಲ್‌ಸಿ ಪ್ಲೇಯರ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕಂಪನಿಯ ಸಿನಿಮಾ ಡಿಸ್ಕ್ ಹಾಕಿದಾಗ ಪ್ರದೇಶ ಸಂಖ್ಯೆ ಕೇಳಿದರೆ ಭಾರತದ್ದು 5. ಅದನ್ನು ಬದಲಿಸಲು ಸಿಗುವುದು ಐದೇ ಅವಕಾಶ, ಆಟಕ್ಕೆ ಒತ್ತಬೇಡಿ.

ಬರೆಯುವ ಪರೀಕ್ಷೆಯಲ್ಲಿ ಹೆಚ್ಚಿನವರು ತಪ್ಪುವುದು ಒಂದು ಕಡೆ. ನಾಲ್ಕು ಫೋಟೋ ಬರೆದು ‘ಸರಿ ಇದೆ’ ಎಂದು ಬಿಡುತ್ತಾರೆ. ಡಿಸ್ಕ್ ತುಂಬುವುದು ಒಳಗಿನಿಂದ ಹೊರಕ್ಕೆ. ತೊಂದರೆ ಕಾಣಿಸುವುದು ಹೆಚ್ಚಾಗಿ ಹೊರ ಅಂಚಿನಲ್ಲಿ, ಏಕೆಂದರೆ ಡಿಸ್ಕ್‌ನ ಅಲುಗಾಟವೂ ವೇಗವೂ ಅಲ್ಲಿ ಹೆಚ್ಚು. ಆದ್ದರಿಂದ 4.3 ಗಿಗಾಬೈಟ್‌ನಷ್ಟು ಫೈಲ್ ಹಾಕಿ ಇಡೀ ಡಿಸ್ಕ್ ತುಂಬಿಸಿ. ಇಮ್ಗ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿದರೆ ‘ವೆರಿಫೈ’ ಎಂಬಲ್ಲಿ ಗುರುತು ಹಾಕಿ. ಬರೆದದ್ದನ್ನು ಮತ್ತೆ ಓದಿ ಹೋಲಿಸುತ್ತದೆ. ವಿಂಡೋಸ್‌ನಲ್ಲೇ ಬರೆಯುವುದಾದರೆ ಎರಡು ಆಯ್ಕೆ ಕೇಳುತ್ತದೆ. ‘ಸಿಡಿ/ಡಿವಿಡಿ ಪ್ಲೇಯರ್’ ಎಂಬ ಎರಡನೆಯದನ್ನು ಆರಿಸಿ. ‘ಯುಎಸ್‌ಬಿ ಫ್ಲ್ಯಾಶ್ ಡ್ರೈವ್’ ಎಂಬ ಮೊದಲನೆಯದರಲ್ಲಿ ಬರೆದ ಡಿಸ್ಕ್ ಅನೇಕ ಡಿವಿಡಿ ಪ್ಲೇಯರ್‌ಗಳಲ್ಲಿ ಓದುವುದಿಲ್ಲ. ಆಮೇಲೆ ಆ ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ಹಾಕಿ, ಕೊನೆಯ ಫೈಲನ್ನು ತೆರೆದು ನೋಡಿ.

ಬರೆಯುವಾಗ ತಪ್ಪಿದರೆ ಕೂಡಲೇ ಡ್ರೈವ್ ವಾಪಸು ಮಾಡಬೇಡಿ. ಬೇರೆ ಕಂಪನಿಯ ಡಿಸ್ಕ್, 4 ಎಕ್ಸ್ ವೇಗ, ಬೇರೆ ಪೋರ್ಟ್, ಈ ಮೂರನ್ನೂ ಬದಲಿಸಿ ಒಮ್ಮೆ ನೋಡಿ. ಆಗಲೂ ಅದೇ ಜಾಗದಲ್ಲಿ ನಿಂತರೆ ದೋಷ ಡ್ರೈವ್‌ನದ್ದು.

ಮಾರಾಟಗಾರ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ ಸಂಖ್ಯೆ, ಚಿತ್ರ, ವಿಡಿಯೋ ಸಿದ್ಧವಿಟ್ಟು ದೂರು ಕೊಡಿ. ಅದರಿಂದಲೂ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂಗಡಿ ಮಂಗಳೂರಿನದಾಗಲಿ, ಆನ್‌ಲೈನ್ ಮಾರಾಟಗಾರ ದೆಹಲಿಯವನಾಗಲಿ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಅಲ್ಲಿ ಶುಲ್ಕ ಇಲ್ಲ.